ಹಸುಗಳಿಗೆ ಮಾತ್ರ ಸಿಕ್ಕ ಬಿಡುವು

ಬೀದಿಯವರೆಲ್ಲ ಅವಳನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ಓದಿದ್ದಕ್ಕಲ್ಲ, ಅವಳು ಮೂಗು ತೂರಿಸದ ಕೊಟ್ಟಿಗೆಯೇ ಆ ಬೀದಿಯಲ್ಲಿ ಇರಲಿಲ್ಲ. ಕರು ಹಾಕುವುದಕ್ಕೆ ಎರಡು ತಿಂಗಳು ಮೊದಲೇ ಹಾಲು ಕರೆಯುವುದನ್ನು ನಿಲ್ಲಿಸಿ ಹಸುವನ್ನು ಬತ್ತಿಸಬೇಕು ಎಂಬುದು ಅವಳ ಹಠ. "ಅದರ ಮೈಗೂ ಸುಸ್ತು ಅನ್ನೋದು ಇರಲ್ವೇನ್ರಿ? ಹಿಂಡ್ತಾನೇ ಇದ್ರೆ ಮುಂದಿನ ಸಲ ಏನು ಕೊಡುತ್ತೆ, ಮಣ್ಣು?" ಎಂದು ಪಕ್ಕದ ಮನೆಯವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

ತನ್ನ ಮೈಗೆ ಮಾತ್ರ ಆ ನ್ಯಾಯ ಇರಲಿಲ್ಲ. ಅತ್ತೆಯ ಕಾಲದಲ್ಲಿ ಹಸುಗಳೆಲ್ಲ ಬೇಸಿಗೆಯಲ್ಲಿ ಒಟ್ಟಿಗೇ ಬತ್ತುತ್ತಿದ್ದವು; ಮನೆಮಂದಿ ಬಿಸಿಲೇರುವವರೆಗೂ ಮಲಗುತ್ತಿದ್ದರು. ಕೊಟ್ಟಿಗೆ ತನ್ನ ಕೈಗೆ ಬಂದ ಮೇಲೆ ಇವಳು ಒಂದೊಂದು ಹಸು ಒಂದೊಂದು ಕಾಲಕ್ಕೆ ಕರು ಹಾಕುವಂತೆ ನೋಡಿಕೊಂಡಳು. ವರ್ಷವಿಡೀ ಹಾಲು. ಎಲ್ಲರೂ ಭೇಷ್ ಎಂದರು. ಕೊಯ್ಲು ಮುಗಿಸಿದ ಗಂಡಸರು ಈಗಲೂ ಕಾಲು ಚಾಚುತ್ತಿದ್ದರು. ಹೋದದ್ದು ಅವಳ ನಿದ್ದೆ ಮಾತ್ರ.

ಅದೇ ಮನೆಯಲ್ಲಿದ್ದ ವಾರಗಿತ್ತಿಯನ್ನಾದರೂ ಕೊಟ್ಟಿಗೆಗೆ ಬಿಟ್ಟುಕೊಳ್ಳಬಾರದಿತ್ತೇ? ಅದೂ ಇಲ್ಲ. "ಬೇರೆ ಕೈ ಸೋಕಿದ್ರೆ ಅವು ಹಾಲಿಳಿಸಲ್ಲ ಕಣೆ," ಎನ್ನುವಾಗ ಅವಳ ಮುಖದಲ್ಲಿ ಒಂದು ಬಿಂಕ.

ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಮಣಿಕಟ್ಟಿನಲ್ಲಿ ನರ ಅಮುಕಿಕೊಂಡಿದೆ, ಸಣ್ಣ ಆಪರೇಷನ್ ಮಾಡಿಸಿ ಕೈಗೆ ಬಿಡುವು ಕೊಡಿ, ತಡಮಾಡಬೇಡಿ ಎಂದರು ಆಸ್ಪತ್ರೆಯ ಡಾಕ್ಟರ್.

"ಬಿಳಿ ಹಸು ಬತ್ತಲಿ, ಮಾಡಿಸ್ಕೊಂಡ್ರಾಯ್ತು," ಎಂದಳು ಗಂಡನಿಗೆ. ಬಿಳಿಯದು ಬತ್ತುವ ಹೊತ್ತಿಗೆ ಕಪ್ಪು ಹಸು ಕರು ಹಾಕಿತು. ಅದು ಬತ್ತುವಾಗ ಕೆಂಪು ಹಸು. ಬಿಡುವೇ ಸಿಗದಂತೆ ತಾನೇ ಮಾಡಿಟ್ಟ ಏರ್ಪಾಡು, ಯಾರನ್ನು ಬೈಯುವುದು? ಗಂಡನೋ, "ನಿನ್ನಿಷ್ಟ" ಎಂದು ಕೈತೊಳೆದುಕೊಂಡ. ಹಾಗೆನ್ನುವುದು ಸುಲಭ, ಎದ್ದು ಒಂದು ಚೆಂಬು ಹಾಲು ಕರೆಯುವುದು ಕಷ್ಟ.

ಹೀಗೇ ವರ್ಷಗಳು ಉರುಳಿದವು. ಒಂದು ಬೆಳಿಗ್ಗೆ ಕೆಂಪು ಹಸು ಒದ್ದಿತು. ಎಂದೂ ಒದ್ದ ಹಸುವಲ್ಲ. ಬಕೆಟ್ಟಿನ ಹಾಲಿನಲ್ಲಿ ರಕ್ತದ ಎಳೆ ಇತ್ತು. ಬೆರಳಿಗೆ ಅಂದಾಜೇ ಸಿಗದೆ ಅವಳು ಕೆಚ್ಚಲ ತೊಟ್ಟಿಗೆ ಉಗುರೂರಿ ಹಿಸುಕಿದ್ದಳು, ಅದು ಅವಳಿಗೆ ಗೊತ್ತೇ ಆಗಿರಲಿಲ್ಲ. ಹಸುವಿನ ಕತ್ತು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಆಪರೇಷನ್ ಆಯಿತು. ನೋವು ಹೋಯಿತು, ಸ್ಪರ್ಶ ಮರಳಲಿಲ್ಲ. ಹೆಬ್ಬೆರಳಿನ ಬುಡದ ಮಾಂಸ ಕರಗಿಹೋಗಿತ್ತು. "ನಾನು ಹೇಳಿದಾಗಲೇ ಬಂದಿದ್ರೆ..." ಎಂದರು ಡಾಕ್ಟರ್. ಈಗ ಅವಳ ರವಿಕೆಯ ಗುಂಡಿಯನ್ನೂ ವಾರಗಿತ್ತಿಯೇ ಹಾಕಬೇಕು.

ಹಾಲು ಕರೆಯಲೂ ವಾರಗಿತ್ತಿಯೇ ಕೂತಳು. ಮೊದಮೊದಲು ಕೆಂಪು ಹಸು ಕದಲಿತು, ಬಾಲ ಬೀಸಿತು. ಬಾಗಿಲಲ್ಲಿ ನಿಂತಿದ್ದ ಡಾಕ್ಟ್ರಮ್ಮನಿಗೆ, ಇದು ಹಾಲಿಳಿಸದಿದ್ದರೇ ಚೆನ್ನ ಎಂದು ಒಳಗೊಳಗೇ ಆಸೆ. ಆದರೆ ವಾರ ಕಳೆಯುವುದರೊಳಗೆ ಅದು ಮೆಲುಕು ಹಾಕುತ್ತ ಸುಮ್ಮನೆ ನಿಂತಿತು. ಬಕೆಟ್ ತುಂಬತೊಡಗಿತು.

"ಅಕ್ಕಾ, ಇದು ಸಾಧು ಹಸು," ಎಂದಳು ವಾರಗಿತ್ತಿ, ತಲೆಯೆತ್ತದೆ. "ನೀವು ಒಂದು ಮಾತು ಹೇಳಿದ್ರೆ ಆಗ್ಲೇ ಬರ್ತಿದ್ದೆ."

"ಹೌದು ಕಣೆ," ಎಂದು ಡಾಕ್ಟ್ರಮ್ಮ ಹತ್ತಿರ ಬಂದು ಹಸುವಿನ ಬೆನ್ನು ಸವರಿದಳು. ಅದು ಬೆಚ್ಚಗಿದೆಯೋ ತಣ್ಣಗಿದೆಯೋ ಆ ಬೆರಳುಗಳಿಗೆ ತಿಳಿಯಲಿಲ್ಲ.