ಗೋಡೆಯ ಮೇಲಿನ ಹುಡುಗಿಗೆ ಎಡೆ

ನ್ಯೂಜಿಲೆಂಡಿನ ನೆಲ್ಸನ್ನಿಗೆ, ಮಗಳ ಮನೆಗೆ ಬಂದ ಮೇಲೆ ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ಗಂಡ ತೀರಿಹೋಗಿದ್ದರು. ಮಗಳು ಆಸ್ಪತ್ರೆಯ ಕೆಲಸಕ್ಕೆ ಹೋದ ಮೇಲೆ ನಾನು ಒರೆಸಿದ್ದನ್ನೇ ಒರೆಸುತ್ತ ಮನೆಯೊಳಗೆ ಓಡಾಡುತ್ತಿದ್ದೆ. ಅದನ್ನು ನೋಡಲಾರದೆ ಅವಳೇ ನನ್ನನ್ನು ಹತ್ತಿರದ ಸಣ್ಣ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ ಸೇರಿಸಿದಳು. ಸಂಬಳವಿಲ್ಲದ ಕೆಲಸ. ಮಂಗಳವಾರ, ಗುರುವಾರ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಬಂದವರಿಗೆ ದಾರಿ ತೋರಿಸಬೇಕು, ಗಾಜು ಒರೆಸಬೇಕು. ನನಗೆ ಸರಿಹೋಯಿತು.

ಅದೇ ಮೇಜಿಗೆ ಈ ನೆಲದ ಮೂಲನಿವಾಸಿಗಳಾದ ಮಾವೊರಿಗಳ ಪೈಕಿ ಒಬ್ಬ ಹೆಂಗಸೂ ಬರುತ್ತಿದ್ದಳು, ಹೆಚ್ಚುಕಡಿಮೆ ನನ್ನದೇ ವಯಸ್ಸಿನವಳು. ಬಾಗಿಲು ತೆಗೆಯುವ ಮೊದಲೇ ನಾನು ಹೋಗಿ ನಿಂತಿರುವುದು ಅವಳಿಗೆ ತಮಾಷೆಯಾಗಿ ಕಾಣುತ್ತಿತ್ತು. "ಗಂಟೆ ಹೊಡೆದಾಯಿತಾ, ಹೆಡ್‌ಮಿಸ್ಟ್ರೆಸ್?" ಎಂದು ಬೇಕೆಂದೇ ನಿಧಾನವಾಗಿ ನಡೆದು ಬರುತ್ತಿದ್ದಳು. "ನೀನು ನನ್ನ ಕ್ಲಾಸಿನಲ್ಲಿ ಇರಬೇಕಿತ್ತು, ಬಾಗಿಲಾಚೆಯೇ ನಿಲ್ಲಿಸುತ್ತಿದ್ದೆ" ಎನ್ನುತ್ತಿದ್ದೆ, ಊರಿನಲ್ಲಿ ಶಾಲೆ ಕಲಿಸಿ ಬಂದಿದ್ದ ನಾನು. ಈ ದೇಶದಲ್ಲಿ ನನಗೆ ಸಿಕ್ಕ ಗೆಳತಿ ಅವಳೊಬ್ಬಳೇ.

ಆ ಚಳಿಗಾಲ ಮ್ಯೂಸಿಯಮ್ಮಿನವರು ಹಿಂದಿನ ಕಾಲದಲ್ಲಿ ಮಾವೊರಿ ಮಕ್ಕಳನ್ನು ಇಟ್ಟು ಓದಿಸುತ್ತಿದ್ದ ಶಾಲೆಗಳ ಬಗ್ಗೆ ಪ್ರದರ್ಶನ ಮಾಡುವುದೆಂದು ಗೊತ್ತು ಮಾಡಿದರು. ಮನೆಮಾತು ಬಾಯಿಗೆ ಬಂದರೆ ಬೆತ್ತದ ಏಟು ಬೀಳುತ್ತಿದ್ದ ಶಾಲೆಗಳು. ಪ್ರದರ್ಶನದ ಹೊಣೆ ಹೊತ್ತ ಹುಡುಗಿ ನಮ್ಮಿಬ್ಬರನ್ನೂ ಆಂಟಿ ಎಂದೇ ಕರೆಯುತ್ತಿದ್ದಳು. ಹಳೆಯ ಫೋಟೋಗಳಿದ್ದರೆ ಕೊಡಿ ಎಂದು ಮನೆಮನೆಗೆ ಕೇಳಿಕೊಂಡು ಹೋಗುತ್ತಿದ್ದಳು.

ನನ್ನ ಗೆಳತಿಯ ಬಳಿ ಒಂದೇ ಒಂದು ಫೋಟೋ ಇತ್ತು. ಅವಳ ಅಕ್ಕನದು. ಸಮುದ್ರದಾಚೆ, ಉತ್ತರ ದ್ವೀಪದ ಒಂದು ವಸತಿ ಶಾಲೆಗೆ ಕಳಿಸಿದ್ದರಂತೆ. ಓದಿ ದೊಡ್ಡವಳಾಗಲಿ ಎಂದು ಅಪ್ಪ ಅಮ್ಮನೇ ಹಡಗು ಹತ್ತಿಸಿದ್ದರಂತೆ. ಅಲ್ಲಿ ಎದೆಯ ರೋಗ ಹತ್ತಿತು. ಮನೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಫೋಟೋದಲ್ಲಿ ಬಿಳಿ ಕಾಲರಿನ ಹುಡುಗಿ, ಕೈ ಎರಡೂ ತೊಡೆಯ ಮೇಲೆ. ಅಷ್ಟೇ ಉಳಿದದ್ದು.

"ಕೊಡಲು ಮನಸ್ಸಿಲ್ಲ," ಎಂದಳು ನನ್ನ ಹತ್ತಿರ. "ಮತ್ತೆ ಅವಳನ್ನು ಆ ಶಾಲೆಗೇ ಸೇರಿಸಿದ ಹಾಗಾಗುತ್ತದೆ. ಆದರೆ ಕೊಡದಿದ್ದರೆ, ಅಲ್ಲಿ ಸತ್ತ ಮಕ್ಕಳಲ್ಲಿ ಒಬ್ಬರ ಮುಖವೂ ಆ ಗೋಡೆಯ ಮೇಲೆ ಇರುವುದಿಲ್ಲ."

ಬಹಳ ದಿನ ಎಳೆದಾಡಿ ಕೊನೆಗೆ ದಿಂಬಿನ ಚೀಲದಲ್ಲಿ ಸುತ್ತಿ ತಂದಳು. ಬೇಡವೆನಿಸಿದ ದಿನ ಮನೆಗೆ ಒಯ್ಯುತ್ತೇನೆ, ಯಾರೂ ತಡೆಯಕೂಡದು ಎಂದು ಮ್ಯೂಸಿಯಮ್ಮಿನ ಹುಡುಗಿಯಿಂದ ಮಾತು ತೆಗೆದುಕೊಂಡಳು.

ಪ್ರದರ್ಶನದಲ್ಲಿ ಒಂದು ಹಿತ್ತಾಳೆಯ ಗಂಟೆ, ಒಂದು ಕಬ್ಬಿಣದ ಮಂಚ, ಗೋಡೆಗೆ ದೊಡ್ಡದಾಗಿ ಬರೆದ ದಿನಚರಿ ಇದ್ದವು. ಏಳುವುದು, ಹಾಸಿಗೆ ಮಡಚುವುದು, ಪ್ರಾರ್ಥನೆ, ನೆಲ ಒರೆಸುವುದು, ಊಟ, ಪಾಠ. ನಾನು ಜಿಲ್ಲಾ ಊರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಬೆಳೆದವಳು. ನಮ್ಮ ವಾರ್ಡನ್ ಅಕ್ಕೋರು ನಡೆಸಿದ್ದೂ ಇದನ್ನೇ.

"ನಮ್ಮದೂ ಹೀಗೇ ಇತ್ತು," ಎಂದೆ ಗೆಳತಿಗೆ. "ಅದರಿಂದಲೇ ನಾವು ಮನುಷ್ಯರಾದೆವು."

"ರಜೆಗೆ ಮನೆಗೆ ಬಿಡುತ್ತಿದ್ದರಾ?"

"ಬಿಡುತ್ತಿದ್ದರು."

"ಅಕ್ಕನನ್ನು ಒಂದೇ ಸಲ ಬಿಟ್ಟದ್ದು. ಬಂದವಳು ದಿಂಬಿನ ಕೆಳಗೆ ಬ್ರೆಡ್ಡು ಬಚ್ಚಿಡುತ್ತಿದ್ದಳಂತೆ. ಅಮ್ಮ ಸಾಯುವವರೆಗೂ ಅದೊಂದನ್ನೇ ಹೇಳುತ್ತಿದ್ದಳು."

ನಾನು ಗಾಜು ಒರೆಸತೊಡಗಿದೆ. ನಾವೂ ರೊಟ್ಟಿಯ ಚೂರು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದವರೇ.

ಪ್ರದರ್ಶನ ತೆರೆದದ್ದು ಬೆಳಕು ಹರಿಯುವ ಹೊತ್ತಿಗೆ. ಹಿರಿಯರು ಪ್ರಾರ್ಥನೆ ಹೇಳುತ್ತ ಮುಂದೆ ನಡೆದರು, ನಾವು ಹಿಂದೆ. ಗೆಳತಿ ಅಕ್ಕನ ಫೋಟೋದ ಮುಂದೆ ನಿಂತು ಜೋರಾಗಿ ಅತ್ತಳು, ಬದುಕಿರುವವಳ ಜೊತೆ ಮಾತಾಡುವ ಹಾಗೆ ಮಾತಾಡಿದಳು. ಹೊರಗೆ ಬರುವಾಗ ಬಾಗಿಲಲ್ಲಿ ಒಂದು ಬೋಗುಣಿಯಲ್ಲಿ ನೀರಿತ್ತು. ಎಲ್ಲರೂ ಕೈ ಅದ್ದಿ ತಲೆಗೆ ಚಿಮುಕಿಸಿಕೊಂಡರು. ಸತ್ತವರ ಬಳಿಯಿಂದ ಬಂದರೆ ಹೀಗೆ ಮಾಡಬೇಕು ಎಂದಳು ಗೆಳತಿ. ನಮ್ಮಲ್ಲೂ ಸಾವಿನ ಮನೆಯಿಂದ ಬಂದರೆ ನೀರು ಮುಟ್ಟದೆ ಒಳಗೆ ಬರುವುದಿಲ್ಲ. ನನಗೆ ಎದೆ ಹಗುರಾಯಿತು. ಇವರದೂ ನಮ್ಮ ರೀತಿಯೇ ಎಂದುಕೊಂಡೆ. ಇನ್ನು ಕೇಳಿ ತಿಳಿಯುವುದೇನೂ ಇಲ್ಲ ಎನಿಸಿತು.

ಮುಂದಿನ ಗುರುವಾರ ಅಕ್ಕ ತೀರಿಕೊಂಡ ದಿನ ಎಂದು ಗೆಳತಿ ಹೇಳಿದ್ದಳು. ನಮ್ಮ ಮನೆಯಲ್ಲಿ ಹಿರಿಯರ ಫೋಟೋಕ್ಕೆ ಎಡೆ ಹಿಡಿಯದೆ ಅಂಥ ದಿನ ಯಾರೂ ಉಣ್ಣುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಗೋಧಿ ಹುಗ್ಗಿ ಮಾಡಿದೆ.

"ಅವ್ವಾ, ಅಲ್ಲಿ ತಿನ್ನೂದು ಒಯ್ಯಬಾರ್ದಂತ ಬೋರ್ಡ್ ಹಾಕ್ಯಾರ," ಎಂದಳು ಮಗಳು.

"ಅದು ತಿನ್ನಾವ್ರಿಗೆ. ಇದು ಎಡಿ."

"ರೂಲ್ಸ್ ಅಂದ್ರ ಪ್ರಾಣ ಬಿಡಾಕಿ ನೀನಽ ಹಿಂಗಂದ್ರ?"

"ಹಸದ ಹೋಗ್ಯಾಳ ಆ ಕೂಸು. ನೀ ಕಾರ್ ತಗಿ."

ಫೋಟೋದ ಕೆಳಗಿನ ಹಲಗೆಯ ಮೇಲೆ ಸ್ಟೀಲ್ ತಟ್ಟೆ ಇಟ್ಟೆ. ಹುಗ್ಗಿಯ ಮೇಲೆ ತುಪ್ಪ, ಪಕ್ಕಕ್ಕೆ ಒಂದು ಲೋಟ ನೀರು. ಕೈ ಮುಗಿದೆ. ಗೆಳತಿ ನೋಡಿ ಸಮಾಧಾನಪಡುತ್ತಾಳೆ ಎಂದು ಅಲ್ಲೇ ಕಾದು ನಿಂತೆ.

ಅವಳು ಅಂದು ತಡ ಮಾಡಲಿಲ್ಲ. ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮುಖದ ಬಣ್ಣ ಇಳಿಯಿತು.

"ತೆಗಿ," ಎಂದಳು. "ಅದನ್ನು ತೆಗಿ. ಬೇಗ."

ತಟ್ಟೆ ಎತ್ತಿಕೊಂಡೆ. ಗಡಿಬಿಡಿಯಲ್ಲಿ ಹುಗ್ಗಿ ಸ್ವಲ್ಪ ಹಲಗೆಯ ಮೇಲೆ ಚೆಲ್ಲಿತು. ಸೆರಗಿನಿಂದಲೇ ಒರೆಸಿದೆ. ಸದ್ದು ಕೇಳಿ ಮ್ಯೂಸಿಯಮ್ಮಿನ ಹುಡುಗಿ ಓಡಿ ಬಂದಳು, ಕಂಡ ಕೂಡಲೇ ಅವಳಿಗೆ ತಿಳಿಯಿತು. ಸತ್ತವರು ಪವಿತ್ರ, ಅನ್ನ ಆ ಪಾವಿತ್ರ್ಯವನ್ನು ಕೆಡಿಸುವಂಥದ್ದು, ಮಾವೊರಿಗಳಲ್ಲಿ ಇವೆರಡನ್ನೂ ಒಂದೇ ಕಡೆ ಇಡುವುದೆಂದರೆ ಸತ್ತವರ ಮರ್ಯಾದೆ ಕಳೆದಂತೆ ಎಂದು ನನಗೆ ಮೆಲ್ಲಗೆ ಹೇಳಿದಳು. ಮತ್ತೆ ಗೆಳತಿಯತ್ತ ತಿರುಗಿ, "ಆಂಟಿ, ಹಿರಿಯರನ್ನು ಕರೆಸೋಣ. ಪ್ರಾರ್ಥನೆ ಮಾಡಿ ಶುದ್ಧ ಮಾಡುತ್ತಾರೆ. ಎಲ್ಲ ಸರಿಹೋಗುತ್ತದೆ," ಎಂದಳು.

"ಸರಿಹೋಗುತ್ತದೆ," ಎಂದಳು ಗೆಳತಿ. "ನಾಳೆ ಇನ್ನೊಬ್ಬರು ಇನ್ನೇನೋ ಮಾಡುತ್ತಾರೆ. ಅದನ್ನೂ ಸರಿ ಮಾಡುತ್ತೀರಿ. ಇವಳು ಇಲ್ಲಿ ಕೈ ಕಟ್ಟಿಕೊಂಡು ಕೂತೇ ಇರಬೇಕು."

"ನಾನು ಮಾಡಿದ್ದಕ್ಕೆ ಅವಳನ್ನು ಕರೆದುಕೊಂಡು ಹೋಗಬೇಡ," ಎಂದೆ. "ನಾನು ನಾಳೆಯಿಂದ ಬರುವುದಿಲ್ಲ. ಅವಳು ಇರಲಿ."

ಅವಳು ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವಳಿಗೆ ಹಸಿವಾಗಿದೆ ಅಂದುಕೊಂಡೆ ನೀನು. ಅಲ್ಲಿದ್ದಾಗ ಯಾರೂ ಹಾಗೆ ಅಂದುಕೊಳ್ಳಲಿಲ್ಲ. ನಿನ್ನ ಮೇಲೆ ನನಗೆ ಬೇಸರವಿಲ್ಲ. ಆದರೆ ಇವಳನ್ನು ನಾನು ಇಲ್ಲಿ ಬಿಡುವುದಿಲ್ಲ."

ಗೋಡೆಯಿಂದ ಫೋಟೋ ಇಳಿಸಿದಳು. ಮಾತು ಕೊಟ್ಟಿದ್ದ ಹುಡುಗಿ ತಡೆಯಲಿಲ್ಲ, ಅಳುತ್ತ ಬಾಗಿಲು ಹಿಡಿದಳು. ಒಂದು ಮೊಳೆ, ಅದರ ಕೆಳಗೆ ಹೆಸರಿನ ಚೀಟಿ ಉಳಿದವು. ಆ ಮೇಲೆ ಬಂದವರೆಲ್ಲ ಗಂಟೆ ನೋಡಿದರು, ಮಂಚ ನೋಡಿದರು, ದಿನಚರಿ ಓದಿದರು. ಒಂದು ಮಗುವಿನ ಮುಖವನ್ನೂ ನೋಡದೆ ಹೋದರು.

ನಾನು ಅವಳ ಹಿಂದೆಯೇ ಕಾರಿನವರೆಗೆ ಹೋದೆ. ಫೋಟೋವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಅಡ್ಡಕ್ಕೆ ಬೆಲ್ಟು ಹಾಕಿದಳು. ಊರಿನ ಸಭಾಮನೆಗೆ ಒಯ್ಯುತ್ತೇನೆ, ಅಲ್ಲಿ ಅಪ್ಪ ಅಮ್ಮನ ಫೋಟೋಗಳ ಪಕ್ಕದಲ್ಲಿ ಜಾಗವಿದೆ ಎಂದಳು. ಅವಳ ಭುಜ ಹಿಡಿದುಕೊಳ್ಳಬೇಕೆನಿಸಿತು. ಆಗ ನೋಡಿಕೊಂಡೆ, ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅನ್ನ ಹಿಡಿದು ಫೋಟೋದ ಹುಡುಗಿಯಿಂದ ಎಷ್ಟು ದೂರ ನಿಲ್ಲಬೇಕೆಂದು ತಿಳಿಯದೆ ಹಿಂದೆ ಸರಿದೆ, ಇನ್ನೂ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತೆ. ಅವರಿಬ್ಬರೂ ಹೋದರು.