ವಾರ್ತೆಗೆ ನಿಂತ ಪಾಡ್ದನ

ಮೀಡಿಯಂ ವೇವ್ ಪ್ರಸಾರ ನಿಂತ ಮೇಲೆ ನಮ್ಮ ಬಾನುಲಿ ಕೇಂದ್ರದ ಹಳಬರು ಕೆಲವರು ಸೇರಿ, ಅದರ ಇತಿಹಾಸವನ್ನು ಒಂದು ಸಣ್ಣ ಪುಸ್ತಕ ಮಾಡುವುದೆಂದು ನಿಶ್ಚಯಿಸಿದರು. ತುಳು ಕಾರ್ಯಕ್ರಮಗಳ ಭಾಗ ನನ್ನ ಪಾಲಿಗೆ ಬಂತು. ನಾನು ಅಲ್ಲಿ ಬಹಳ ವರ್ಷ ತಾತ್ಕಾಲಿಕ ಉದ್ಘೋಷಕಿಯಾಗಿದ್ದವಳು. ತಿಂಗಳಿಗೆ ಐದೋ ಆರೋ ಪಾಳಿ. ವಿಟ್ಲದಿಂದ ಬಸ್ಸು ಹಿಡಿದು ಹೋಗಿ ಬರುವುದು.

ಬರೆಯಲು ಕೂತಾಗ ಆಧಾರಕ್ಕೆಂದು ಸಿಕ್ಕಿದ್ದು ಸ್ವಲ್ಪವೇ. ಆಗಿನ ದಿನಗಳಲ್ಲಿ ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಅದೇ ಟೇಪಿನ ಮೇಲೆ ಇನ್ನೊಂದನ್ನು ಧ್ವನಿಮುದ್ರಿಸುತ್ತಿದ್ದೆವು. ಹಾಗಾಗಿ ಹೆಚ್ಚಿನದೆಲ್ಲ ನಮ್ಮ ನೆನಪಿನಲ್ಲಿ ಮಾತ್ರ ಉಳಿದಿತ್ತು. ನನ್ನ ನೆನಪಿಗೆ ಮೊದಲು ಬಂದದ್ದು ಪೊಳಲಿ ಕಡೆಯ ಒಬ್ಬ ಹೆಂಗಸು.

ಅವರು ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಪಾಡ್ದನ ಹಾಡುತ್ತಿದ್ದವರು. ಪಾಡ್ದನವೆಂದರೆ ಹಾಡಿನಲ್ಲೇ ಸಾಗುವ ಉದ್ದದ ಕಥೆ. ಧ್ವನಿಮುದ್ರಣಕ್ಕೆ ಬಂದ ದಿನ ಕುರ್ಚಿಯಲ್ಲಿ ಕೂರಿಸಿದರೆ ಅವರಿಗೆ ಸ್ವರವೇ ಹೊರಡಲಿಲ್ಲ. ಕೊನೆಗೆ ಎದ್ದು ನಿಂತು, ಸೊಂಟ ಬಗ್ಗಿಸಿ, ನೆಲ ನೋಡುತ್ತ ಹಾಡಿದರು. ಎಂಜಿನಿಯರು ಮೈಕನ್ನು ಅವರ ಮೊಣಕಾಲಿನ ಎತ್ತರಕ್ಕೆ ಇಳಿಸಿದರು.

ಅದು ಪ್ರಸಾರವಾದ ಸಂಜೆ ಪಾಳಿ ನನ್ನದೇ. ಹೊಸ ಹುರುಪಿನಲ್ಲಿ ಪೀಠಿಕೆಯೆಂದು ಏನೇನೋ ಚಂದದ ಮಾತು ಸೇರಿಸಿ ಮೂರು ನಿಮಿಷ ಮಾತಾಡಿಬಿಟ್ಟೆ. ಆ ಮೂರು ನಿಮಿಷ ಹಾಡಿನದ್ದಾಗಿತ್ತು. ಬೆಂಗಳೂರಿನಿಂದ ಬರುವ ವಾರ್ತೆಯನ್ನು ಸರಿಯಾದ ಕ್ಷಣಕ್ಕೆ ನಮ್ಮ ಕೇಂದ್ರದಿಂದಲೂ ಬಿತ್ತರಿಸಲೇಬೇಕು. ಕಥೆಯ ಹುಡುಗಿ ತವರಿಗೆ ಹೊರಟು, ಹೊಳೆಯ ಬದಿಯಲ್ಲಿ ದೋಣಿಗೆ ಕಾಯುತ್ತ ನಿಂತಿದ್ದಳು. ಗಡಿಯಾರ ನೋಡಿದೆ, ಟೇಪಿನ ಧ್ವನಿ ಇಳಿಸಿದೆ. ಯಾರೂ ನನ್ನನ್ನು ಬೈಯಲಿಲ್ಲ, ಯಾರೂ ಪತ್ರ ಬರೆಯಲಿಲ್ಲ. ನನಗೆ ಮಾತ್ರ ಅದು ಒಳಗೊಳಗೇ ಚುಚ್ಚುತ್ತ ಉಳಿಯಿತು. ಆ ಟೇಪೂ ಆಮೇಲೆ ಅಳಿಸಿಹೋಯಿತು.

ಪುಸ್ತಕದ ನೆಪದಲ್ಲಿ ಕಳೆದ ವರ್ಷ ಅವರನ್ನು ಹುಡುಕಿಕೊಂಡು ಹೋದೆ. ಫರಂಗಿಪೇಟೆಯಲ್ಲಿ ಬಸ್ಸಿಳಿದು ರಿಕ್ಷಾ ಹಿಡಿದೆ. ಪೊಳಲಿಯ ಅಂಗಡಿಯೊಂದರಲ್ಲಿ ಕೇಳಿದಾಗ, "ರೇಡಿಯೋದಲ್ಲಿ ಹಾಡಿದ ಅಜ್ಜಿ ಅಲ್ವಾ?" ಎಂದು ದಾರಿ ತೋರಿಸಿದರು. ಅಜ್ಜಿ ಜಗಲಿಯಲ್ಲಿ ಕೂತು ಬೀಡಿಯ ಎಲೆ ಕತ್ತರಿಸುತ್ತಿದ್ದರು. ನಾವು ಮಾತಾಡಿದ್ದು ತುಳುವಿನಲ್ಲಿ. ನಾನು ಯಾರೆಂದು ಹೇಳಿದೆ. ಅವರು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು.

"ನಿಮ್ಮ ಸ್ವರ ಗೊತ್ತುಂಟು. ಮುಖ ಮರೆತಿದ್ದೆ."

"ಅಮ್ಮ, ಆ ದಿನ ನಿಮ್ಮ ಹಾಡನ್ನು ಅರ್ಧದಲ್ಲಿ ನಿಲ್ಲಿಸಿದ್ದು ನಾನೇ. ನಾನು ಮಾತು ಉದ್ದ ಮಾಡಿದೆ. ತಪ್ಪಾಯಿತು."

ಅವರು ಕತ್ತರಿಸಿದ ಎಲೆಗಳನ್ನು ಬದಿಗೆ ಸರಿಸಿದರು. "ನಮ್ಮಲ್ಲಿ ಆಗ ರೇಡಿಯೋ ಇರಲಿಲ್ಲ. ಆಚೆ ಮನೆಯವರ ಅಂಗಳದಲ್ಲಿ ಕೂತು ಕೇಳಿದ್ದು. ಹತ್ತಿಪ್ಪತ್ತು ಜನ ಇದ್ದರು. ಮಧ್ಯದಲ್ಲಿ ವಾರ್ತೆ ಬಂದಾಗ ನನಗೆ ನಾಚಿಕೆ ಆಯಿತು. ನಾನು ಹಾಡಿದ್ದು ಸರಿಯಾಗಲಿಲ್ಲ, ಅದಕ್ಕೇ ನಿಲ್ಲಿಸಿದರು ಅಂತ ಎಣಿಸಿದೆ."

ಇಷ್ಟು ವರ್ಷ ನಾನು ನನ್ನ ತಪ್ಪನ್ನು ನೆನೆದಿದ್ದೆ. ಅದನ್ನು ಅವರು ತಮ್ಮದೆಂದು ಹೊತ್ತಿದ್ದಾರೆಂದು ಊಹಿಸಿರಲಿಲ್ಲ.

"ಮತ್ತೆ ಆ ಮನೆಯ ಯಜಮಾನರು ರೇಡಿಯೋ ಬಂದ್ ಮಾಡಿದರು," ಅಜ್ಜಿ ಮುಂದುವರಿಸಿದರು. "'ಮುಂದೆ ಏನಾಯಿತು, ನೀನೇ ಹೇಳು ಮಾರಾಯ್ತಿ' ಅಂದರು. ಆ ಹುಡುಗಿಯನ್ನು ಹೊಳೆ ಬದಿಯಲ್ಲಿ ಬಿಟ್ಟು ಹೋಗ್ಲಿಕ್ಕೆ ಆಗ್ತದಾ? ಅಂಗಳದಲ್ಲೇ ನಿಂತು ಹಾಡಿ ಮುಗಿಸಿದೆ. ಅದರ ನಂತರ ಮದುವೆಯ ಹಿಂದಿನ ದಿನ, ಮಗುವಿನ ತೊಟ್ಟಿಲಿಗೆ, ಎಲ್ಲ ಕಡೆಯೂ ಕರೆಯುವವರು. 'ರೇಡಿಯೋದಲ್ಲಿ ಬಾಕಿ ಆದದ್ದು ಹಾಡಿ' ಅಂತ."

ಹಾಗೆ ಹೇಳುವಾಗ ಅವರು ನಕ್ಕರು. ನನಗೆ ನಗು ಬರಲು ಸ್ವಲ್ಪ ಹೊತ್ತು ಬೇಕಾಯಿತು.

"ಈಗ ಹಾಡ್ತೀರಾ?" ಎಂದು ಕೇಳಿದೆ.

"ಹಾಡ್ಲಿಕ್ಕೆ ಉಸಿರು ಸಾಲುವುದಿಲ್ಲ. ಹೇಳ್ತೇನೆ, ನೀವು ಬರೆಯಿರಿ. ಆಗ ಅರ್ಧ ಆಗಿತ್ತಲ್ಲ, ಈಗ ಪೂರ್ತಿ ಬರೆಯುವ."

ಅಜ್ಜಿಯ ಸೊಸೆ ಗಂಜಿ ಬಡಿಸಿದರು. ಉಂಡು ಮತ್ತೆ ಕೂತೆವು. ನನ್ನ ಕೈ ಸೋತಾಗ ಅಜ್ಜಿ ಕಾಯುತ್ತಿದ್ದರು. ಅವರು ಸಾಲು ಮರೆತಾಗ ನಾನು ಕಾಯುತ್ತಿದ್ದೆ. ಮುಗಿಯುವಾಗ ಬಿಸಿಲು ಜಗಲಿಯಿಂದ ಇಳಿದಿತ್ತು.

ಪುಸ್ತಕ ಅಚ್ಚಾಗಿ ಬಂದಾಗ ಒಂದು ಪ್ರತಿ ಕೊಡಲು ಹೋದೆ. ಅದರಲ್ಲಿ ಕಥೆ ಪೂರ್ತಿ ಇತ್ತು, ನನ್ನ ಮೂರು ನಿಮಿಷದ ಸಂಗತಿಯೂ ಇತ್ತು. ಅಜ್ಜಿಗೆ ಓದಲು ಬಾರದು. ಸೊಸೆ ಗಟ್ಟಿಯಾಗಿ ಓದಿದರು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ತುಟಿ ಜೊತೆಜೊತೆಗೇ ಅಲ್ಲಾಡುತ್ತಿತ್ತು.

"ಸರಿ ಉಂಟು," ಎಂದರು. ಪುಸ್ತಕವನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಹಿಡಿದು, ರೇಷನ್ ಕಾರ್ಡು ಇಡುವ ಪೆಟ್ಟಿಗೆಯಲ್ಲಿ ಹಾಕಿಡಲು ಸೊಸೆಗೆ ಹೇಳಿದರು.