ಐಸಿನಲ್ಲಿಟ್ಟ ಫೋನ್

ನಮ್ಮ ಮನೆಯಲ್ಲಿ ಯಾವ ವಸ್ತು ಕೆಡುವ ಲಕ್ಷಣ ತೋರಿಸಿದರೂ ಅದಕ್ಕೆ ಒಂದೇ ಮದ್ದು, ಐಸು. ಅಜ್ಜನ ಕಾಲದಿಂದ ಮೀನಿನ ಕಸುಬಿನವರು ನಾವು. ಮೊಣಕಾಲು ಊದಿದರೆ ಐಸು, ಜ್ವರ ಬಂದರೆ ಹಣೆಗೆ ಐಸು, ಬೇಸಿಗೆಯಲ್ಲಿ ಕರಗಿಹೋದ ನನ್ನ ಲಿಪ್‌ಸ್ಟಿಕ್ಕಿಗೂ ಐಸು. ಆದ್ದರಿಂದ ಕಳೆದ ವರ್ಷ ಅಮ್ಮ ತನ್ನ ಫೋನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಯೊಳಗೆ ಎರಡು ಅಂಜಲ್ ಮೀನುಗಳ ನಡುವೆ ಮಲಗಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆಶ್ಚರ್ಯಪಟ್ಟವಳು ನಾನೊಬ್ಬಳೇ.

ಆ ಫೋನ್ ಮೊದಲು ನನ್ನದಾಗಿತ್ತು. ನಾನು ಹೊಸದು ಕೊಂಡಾಗ ಹಳೆಯದನ್ನು ಅಮ್ಮನಿಗೆ ದಾಟಿಸಿದೆ. ಮಕ್ಕಳು ಹೆತ್ತವರಿಗೆ ಮಾಡುವ ದೊಡ್ಡ ಉಪಕಾರ ಇದು, ಮಾಡಿದ ಮೇಲೆ ನಾಲ್ಕು ಜನರಿಗೆ ಹೇಳಿಕೊಂಡೂ ಬರುತ್ತೇವೆ. ಅಮ್ಮನಿಗೆ ಮಾತ್ರ ಅದು ನಿಜಕ್ಕೂ ಉಪಕಾರಕ್ಕೆ ಬಂತು. ಬೆಳಿಗ್ಗೆ ಬಂದರಿನ ದಕ್ಕೆಗೆ ಹೋಗಿ, ಬೋಟಿನಿಂದ ಇಳಿದ ಮೀನನ್ನು ಏಲಂನಲ್ಲಿ ಕೂಗಿ ಹಿಡಿದು, ಅಲ್ಲಿಂದಲೇ ಗಿರಾಕಿಗಳಿಗೆ ಫೋನ್ ಮಾಡಿ, ಯಾರಿಗೆ ಏನು ಬೇಕೆಂದು ಕೇಳಿಕೊಂಡು ಮನೆಮನೆಗೆ ಹೊರಡತೊಡಗಿದಳು. ಹೊತ್ತುಕೊಂಡು ಸುಮ್ಮನೆ ಅಲೆಯುವ ಕಷ್ಟ ತಪ್ಪಿತು.

ಅವಳಿಗೆ ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ಕಲಿಸುತ್ತೇನೆ ಎಂದರೆ, “ಈಗ ಕಲಿತು ನಾನೆಂತ ಪೇಪರ್ ಓದ್ಲಿಕ್ಕುಂಟಾ?” ಎಂದಳು. ಬದಲಿಗೆ ತಾನೇ ಒಂದು ಉಪಾಯ ಹುಡುಕಿದಳು. ಪ್ರತಿ ಗಿರಾಕಿಯ ನಂಬರಿಗೂ ಅವರು ಇಷ್ಟಪಡುವ ಮೀನಿನ ಫೋಟೊ. ನಿವೃತ್ತ ಹೆಡ್‌ಮಾಸ್ಟರರಿಗೆ ಕಾಣೆ ಮೀನು, ಡಾಕ್ಟರಮ್ಮನಿಗೆ ಮಾಂಜಿ. ಚೌಕಾಸಿ ಮಾಡಿ ಜೀವ ತಿನ್ನುವ ಹೆಂಗಸೊಬ್ಬರಿಗೆ ಏಡಿ, ಅವರು ಏಡಿಯನ್ನು ಒಮ್ಮೆಯೂ ಕೊಂಡವರಲ್ಲ. ಬೆಕ್ಕಿಗೆಂದು ಸಣ್ಣ ಮೀನು ಕೇಳುವ ಮನೆಯವರಿಗೆ ಬೆಕ್ಕಿನದ್ದೇ ಫೋಟೊ. ಬಂಗುಡೆಯವರು ಹನ್ನೆರಡು ಮನೆ ಇದ್ದುದರಿಂದ ಅಲ್ಲಿ ಸ್ವಲ್ಪ ಫಜೀತಿಯಾಯಿತು. ಕೊನೆಗೆ ಒಂದು ಮನೆಗೆ ಬಾಳೆಲೆಯ ಮೇಲಿನ ಬಂಗುಡೆ, ಇನ್ನೊಂದಕ್ಕೆ ತಲೆ ಕತ್ತರಿಸಿದ ಬಂಗುಡೆ, ಮತ್ತೊಂದಕ್ಕೆ ಸ್ಟೀಲ್ ತಟ್ಟೆಯಲ್ಲಿ ಮೂರು ಎಂದು ಹಂಚಿ ಮುಗಿಸಿದಳು. ಹೆಸರು ಬರೆಯುವ ಜಾಗದಲ್ಲಿ ಬೆರಳಿಗೆ ಸಿಕ್ಕಿದ ಒಂದು ಅಕ್ಷರ ಒತ್ತಿ ಬಿಟ್ಟಿರುತ್ತಿದ್ದಳು. ಅಂದರೆ ಆ ಮೀನುಗಳು ಅಳಿಸಿಹೋದರೆ ಅವಳ ವ್ಯಾಪಾರವೂ ಹೋಯಿತೆಂದೇ ಲೆಕ್ಕ.

ಅಂಥ ಫೋನಿನ ಬ್ಯಾಟರಿ ಕೈಕೊಡಲು ಸುರುಮಾಡಿತು. ಶೇಕಡಾ ನಲವತ್ತು ಎಂದು ತೋರಿಸುತ್ತಲೇ ಕಣ್ಣು ಮುಚ್ಚುತ್ತಿತ್ತು. ಅಮ್ಮ ಚಾರ್ಜರನ್ನು ಸೆರಗಿಗೆ ಕಟ್ಟಿಕೊಂಡು ಹೊರಡತೊಡಗಿದಳು. ಮೀನು ಕೊಟ್ಟ ಮನೆಯಲ್ಲೆಲ್ಲ, “ಒಂದು ಹತ್ತು ನಿಮಿಷ ಕರೆಂಟ್ ಕೊಡಿ ಅಕ್ಕ,” ಎಂದು ಪ್ಲಗ್ಗಿಗೆ ಸಿಕ್ಕಿಸಿ ಜಗಲಿಯಲ್ಲಿ ಕುಳಿತುಬಿಡುತ್ತಿದ್ದಳು. ಆ ಹತ್ತು ನಿಮಿಷದಲ್ಲಿ ಮನೆಯವರ ಸೊಸೆ, ನಾದಿನಿ, ಥೈರಾಯ್ಡ್ ಎಲ್ಲದರ ವಿಚಾರವೂ ಆಗುತ್ತಿತ್ತು. ಬೆಳಗಿನ ಸುತ್ತು ಮುಗಿಯುವಾಗ ಮಧ್ಯಾಹ್ನ ಕಳೆದು, ಕೊನೆಯ ಮನೆಯವರು ಮೊಟ್ಟೆ ಸಾರು ಮಾಡಿ ಉಂಡಾಗಿರುತ್ತಿತ್ತು.

ನಾನು ಹೊಸ ಫೋನ್ ತಂದುಕೊಟ್ಟೆ. ಅದು ಪೆಟ್ಟಿಗೆಯ ಸಮೇತ ಕಪಾಟಿನಲ್ಲಿ ಸೀರೆಗಳ ನಡುವೆ ಸೇರಿತು.

“ಅದರಲ್ಲಿ ನನ್ನ ಜನ ಇಲ್ಲ,” ಎಂದಳು.

“ಹಾಕಿ ಕೊಡ್ತೇನೆ ಅಮ್ಮ, ಆದಿತ್ಯವಾರ,” ಎಂದೆ. ಹಾಗೆ ಎಷ್ಟು ಆದಿತ್ಯವಾರಗಳು ಹೋದವೋ! ನನ್ನ ಸೋಮಾರಿತನಕ್ಕೆ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಒಂದು ದಿನ ಫೋನಿನ ಬೆನ್ನು ಉಬ್ಬಿತು, ಮುಟ್ಟಿದರೆ ಬಿಸಿ. ಅಮ್ಮ ಹೆದರಿ, ಗೊತ್ತಿದ್ದ ಮದ್ದನ್ನೇ ಮಾಡಿದಳು. ಎರಡು ಗಂಟೆ ಐಸಿನಲ್ಲಿದ್ದು ಹೊರಬಂದ ಫೋನ್ ಮತ್ತೆ ಏಳಲೇ ಇಲ್ಲ. ಸೀದಾ ಬಸ್ ಹತ್ತಿ ಪಂಪ್‌ವೆಲ್‌ನಲ್ಲಿ ನಾನು ಕೆಲಸ ಮಾಡುವ ಟೈಲ್ಸ್ ಅಂಗಡಿಗೆ ಬಂದಳು. ಗಿರಾಕಿಗೆ ಬಚ್ಚಲುಮನೆಯ ಮಾದರಿ ತೋರಿಸುತ್ತಿದ್ದ ನಾನು ತಿರುಗಿ ನೋಡಿದರೆ ಅಮ್ಮ ನಿಂತಿದ್ದಾಳೆ. ಒಂದು ಕೈಯಲ್ಲಿ ನೀರು ತೊಟ್ಟಿಕ್ಕುವ ತೊಟ್ಟೆ, ಇನ್ನೊಂದರಲ್ಲಿ ಕಪಾಟಿನಿಂದ ತೆಗೆದ ಹೊಸ ಫೋನಿನ ಪೆಟ್ಟಿಗೆ.

“ಎಲ್ಲರೂ ಹೋದರು ಮಗಾ,” ಎಂದಳು. ಏಲಂನಲ್ಲಿ ಗಂಡಸರ ಬಾಯಿ ಮುಚ್ಚಿಸುವ ನನ್ನ ಅಮ್ಮ ಆ ಒದ್ದೆ ತೊಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ನಗಬೇಕೆಂದಿದ್ದ ನಾನು ನಗಲಿಲ್ಲ.

ಅರ್ಧ ದಿನ ರಜೆ ಹೇಳಿ ಎರಡು ಕಟ್ಟಡ ಆಚೆಗಿನ ಮೊಬೈಲ್ ರಿಪೇರಿಯವರ ಬಳಿಗೆ ಕರೆದುಕೊಂಡು ಹೋದೆ. ಐವತ್ತು ದಾಟಿದ ಮನುಷ್ಯ, ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು. ಫೋನ್ ಬಿಚ್ಚಿ ಮೂಸಿದರು.

“ಇದನ್ನು ಕಡಲಿಗೆ ಹಾಕಿದ್ರಾ?”

“ಐಸಿಗೆ,” ಎಂದಳು ಅಮ್ಮ, ಏನೂ ತಪ್ಪು ಮಾಡದವಳಂತೆ.

“ಬಿಸಿಯಾಯ್ತೂಂತ ಐಸಿಗೆ ಇಡ್ಲಿಕ್ಕೆ ಇದೆಂತ ಬೂತಾಯಿ ಮೀನಾ ಅಕ್ಕ? ಒಳಗೆ ಪೂರಾ ನೀರು ಉಂಟು. ಬ್ಯಾಟರಿ ಹೊಟ್ಟೆ ಉಬ್ಬಿ ಕೂತಿದೆ, ಚುಚ್ಚಿದ್ರೆ ಬೆಂಕಿ.”

ಅವರು ಆ ಉಬ್ಬಿದ ಬ್ಯಾಟರಿಯನ್ನು ಜೋಪಾನವಾಗಿ ತೆಗೆದು ದೂರ ಇಟ್ಟರು. ಬೋರ್ಡನ್ನು ಬ್ರಷ್ಷಿನಿಂದ ಉಜ್ಜಿ, ಬಿಸಿ ಗಾಳಿ ಬಿಟ್ಟು ಒಣಗಿಸಿ, ಬೇರೆ ಬ್ಯಾಟರಿಯ ತಂತಿ ಹಿಡಿದರು. ಏನೂ ಆಗಲಿಲ್ಲ. ಮತ್ತೊಮ್ಮೆ ಉಜ್ಜಿದರು. ಅಮ್ಮ ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವಳ ಬೆರಳುಗಳನ್ನು ನೋಡುತ್ತ, ಒಂದೇ ಒಂದು ಆದಿತ್ಯವಾರ ಅರ್ಧ ಗಂಟೆ ಕೂತಿದ್ದರೆ ಸಾಕಿತ್ತಲ್ಲ ಎಂದು ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಮೂರನೆಯ ಸಲಕ್ಕೆ ಪರದೆ ಬೆಳಗಿತು.

“ಎಷ್ಟು ಹೊತ್ತು ಇರ್ತದೆ ಗೊತ್ತಿಲ್ಲ. ಬೇಕಾದ್ದು ತೆಗೆಯುವ,” ಎಂದು ಅವರು ಎರಡೂ ಫೋನುಗಳನ್ನು ಕೂಡಿಸಿ, ನಾನು ತಿಂಗಳುಗಟ್ಟಲೆ ಮುಂದೂಡಿದ ಕೆಲಸವನ್ನು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿಸಿದರು.

ಅಮ್ಮ ಅಷ್ಟಕ್ಕೆ ನಂಬುವವಳಲ್ಲ. ಹೊಸ ಫೋನನ್ನು ಕೈಗೆ ತೆಗೆದುಕೊಂಡು, ದಕ್ಕೆಯಲ್ಲಿ ಬುಟ್ಟಿಯ ಅಡಿಯವರೆಗೆ ಕೈ ಹಾಕಿ ನೋಡುವ ಹಾಗೆಯೇ, ಒಂದೊಂದೇ ಮೀನನ್ನು ಪರೀಕ್ಷಿಸಿದಳು. ಕಾಣೆ ಬಂದಿತ್ತು. ಮಾಂಜಿ, ಏಡಿ, ಬೆಕ್ಕು, ಹನ್ನೆರಡು ಬಂಗುಡೆ ಮನೆಗಳೂ ಬಂದಿದ್ದವು. ಅಮ್ಮನ ಮುಖ ಅರಳಿತು, ರಿಪೇರಿಯವರಿಗೆ ನಾಳೆ ನಂಗ್ ಮೀನು ತಂದುಕೊಡುವುದಾಗಿ ಮಾತು ಕೊಟ್ಟಳು. ಅವರಿಗೂ ಒಂದು ಫೋಟೊ ನಿಶ್ಚಯವಾಯಿತು.

ಹೆಗಲ ಮೇಲಿನಿಂದ ಇಣುಕುತ್ತಿದ್ದ ನನಗೆ ಆಗ ಹೊಳೆಯಿತು. “ಅಣ್ಣ, ಒಂದು ಬರಲಿಲ್ಲ. ನನ್ನದೇ ಇಲ್ಲ,” ಎಂದೆ.

ಅವರು ಹಳೆಯ ಫೋನಿನಲ್ಲಿ ಹುಡುಕಿದರು. “ಇದರಲ್ಲೂ ಇಲ್ಲ ಅಲ್ವಾ?”

“ಅವಳದ್ದು ನಾನು ಹಾಕಲೇ ಇಲ್ಲ,” ಎಂದಳು ಅಮ್ಮ.

ಬೆಕ್ಕಿಗೂ ಜಾಗ ಕೊಟ್ಟವಳು ಮಗಳನ್ನು ಬಿಟ್ಟಳಲ್ಲ ಎಂದು ನನಗೆ ಚುರುಕ್ಕೆಂದಿತು. ಸಣ್ಣ ಮಕ್ಕಳ ಹಾಗೆ, “ಯಾಕೆ?” ಎಂದು ಕೇಳಿಯೂ ಬಿಟ್ಟೆ.

“ಇದು ಸತ್ತರೆ ನಿನಗೆ ಫೋನ್ ಮಾಡುದು ಹೇಗೆ ಮಾರಾಯ್ತಿ? ಬಸ್ಸಿನಲ್ಲಿ ಯಾರದ್ದಾದ್ರೂ ಫೋನ್ ಕೇಳಿ ಮಾಡ್ಬೇಕಲ್ಲ. ನಿನ್ನದು ಬಾಯಿಗೇ ಬರ್ತದೆ.” ಎಂದವಳೇ ನನ್ನ ಹತ್ತೂ ಅಂಕಿಗಳನ್ನು ಪಟಪಟನೆ ಹೇಳಿದಳು. ಆ ಫೋನ್ ಕೈಸೇರಿದ ಮೇಲಿನ ಐದಾರು ವರ್ಷಗಳಲ್ಲಿ ಅವಳಿಂದ ನನಗೆ ಬಂದ ಒಂದೊಂದು ಕರೆಯನ್ನೂ ಅವಳು ಅಂಕಿ ಒತ್ತಿಯೇ ಮಾಡಿದ್ದಳು.

ಅಷ್ಟರಲ್ಲಿ ರಿಪೇರಿಯವರು ಹೊಸ ಫೋನಿಗೆ ಸಿಮ್ ಹಾಕಿ, ತಮ್ಮ ಫೋನನ್ನು ಕೈಗೆತ್ತಿಕೊಂಡು ನನ್ನತ್ತ ತಿರುಗಿದರು. “ರಿಂಗ್ ಆಗ್ತದಾ ನೋಡುವ. ಅಮ್ಮನ ನಂಬರ್ ಹೇಳಿ.”

“ಒಂಬತ್ತು,” ಎಂದೆ. ಆಮೇಲೆ ಏನೂ ಬರಲಿಲ್ಲ.

ಬ್ಯಾಗಿನಿಂದ ನನ್ನ ಫೋನ್ ತೆಗೆಯಲು ಹೊರಟೆ. ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿ, ತಾನೇ ಅವರಿಗೆ ನಂಬರ್ ಹೇಳಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೊಂದು ತಿರುಗಿ ಹೇಳಿ ಹಗುರಾಗುತ್ತಿದ್ದೆ.

ಮನೆಗೆ ಹೋಗುವ ಕಾಟಿಪಳ್ಳದ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತೆವು. ಅವಳು ತನ್ನ ನಂಬರಿನ ಒಂದೊಂದೇ ಅಂಕಿ ಹೇಳಿಕೊಟ್ಟಳು, ನಾನು ಜನರ ಎದುರು ಗಟ್ಟಿಯಾಗಿ ಒಪ್ಪಿಸಿದೆ. ಕೂಳೂರು ಸೇತುವೆ ದಾಟುವಾಗ ಆರು ಅಂಕಿ ಬಾಯಿಗೆ ಬಂದಿದ್ದವು. ಬಸ್ಸಿಳಿಯುವಷ್ಟರಲ್ಲಿ ಹತ್ತೂ ಬಂದವು.

“ಇನ್ನೊಮ್ಮೆ ಹೇಳು,” ಎಂದಳು ಅಮ್ಮ.